ಒಂದೇ ತೀರ, ಎರಡು ಬಿರುಗಾಳಿ

“ಇಂದು ಮಳೆಯಾಗುವುದೆಂದು ಹವಾಮಾನದವರು ಹೇಳಿದ್ದಾರೆ, ಕೊಡೆಯನ್ನು ಮನೆಯಲ್ಲಿಯೇ ಬಿಟ್ಟು ಹೊರಡಿ” ಎಂಬ ವಿನೋದವನ್ನು ಕೇಳದ ಸಂಸಾರ ನಮ್ಮಲ್ಲಿ ಇರಲಾರದು. ಮುನ್ಸೂಚನೆ ತಪ್ಪಿದ ಮಾರನೆಯ ಬೆಳಗ್ಗೆ ಕಾಫಿಯ ಲೋಟದೊಡನೆ ಈ ಮಾತೂ ತಪ್ಪದೆ ಬರುತ್ತದೆ. ಕೊಡೆಯ ಮಟ್ಟಿಗೆ ಇದರಿಂದ ನಷ್ಟವೇನೂ ಇಲ್ಲ. ಹೆಚ್ಚೆಂದರೆ ಒಂದು ಅಂಗಿ ನೆನೆದೀತು. ಆದರೆ “ಮನೆ ಬಿಟ್ಟು ಎತ್ತರದ ಜಾಗಕ್ಕೆ ಹೊರಡಿ” ಎಂಬ ಎಚ್ಚರಿಕೆ ಒಂದು ಸಲ ಹುಸಿಯಾಯಿತೆಂದು ಜನಕ್ಕೆ ತೋರಿತೆನ್ನಿ. ಎರಡನೆಯ ಸಲ ಅದನ್ನು ಎಷ್ಟು ಮಂದಿ ನಂಬುವರು?

ಅಮೆರಿಕದ ಪೂರ್ವ ತೀರದಲ್ಲಿ ಈ ಪ್ರಶ್ನೆ ಬರಿಯ ತರ್ಕವಾಗಿ ಉಳಿಯಲಿಲ್ಲ. ಹದಿನಾಲ್ಕು ತಿಂಗಳ ಅಂತರದಲ್ಲಿ ಅಲ್ಲಿಗೆ ಎರಡು ಬಿರುಗಾಳಿಗಳು ಬಂದುವು. ಒಂದು, ದಡ ಮುಟ್ಟುವ ಮುನ್ನವೇ ಬಳಲಿತು. ಇನ್ನೊಂದು ಬಳಲಲಿಲ್ಲ. ಈ ವ್ಯತ್ಯಾಸಕ್ಕೆ ಕಾರಣವೇನು ಎಂಬುದರ ಒಂದು ಮುಖ್ಯ ಭಾಗವನ್ನು ತಿಳಿಸಿದ ಸಾಕ್ಷಿಗಳು ಎರಡು: ಕಡಲಿನೊಳಗೆ ಏಕಾಂಗಿಯಾಗಿ ಈಜಾಡುವ ಒಂದು ಹಳದಿ ಯಂತ್ರ, ಮತ್ತು ದಡದಲ್ಲಿ ಸುಮ್ಮನೆ ನಿಂತಿರುವ ಕೆಲವು ರೇಡಿಯೋ ಕಂಬಗಳು. ಅವುಗಳ ಕಥೆಯೇ ಈ ವಾರದ ವಿಷಯ.

ಮೊದಲನೆಯ ಬಿರುಗಾಳಿಯ ಹೆಸರು ಐರೀನ್. 2011ನೆಯ ಇಸವಿ ಆಗಸ್ಟ್ ತಿಂಗಳ ಕೊನೆಯಲ್ಲಿ ಅದು ಅಟ್ಲಾಂಟಿಕ್ ತೀರವನ್ನು ಅನುಸರಿಸಿ ಉತ್ತರಕ್ಕೆ ಸಾಗಿತು. ನ್ಯೂ ಯಾರ್ಕ್ ನಗರದ ತಗ್ಗು ಪ್ರದೇಶಗಳಿಂದ ಸುಮಾರು 3,70,000 ಜನರು ಹೊರಡಬೇಕೆಂದು ಆಜ್ಞೆಯಾಯಿತು. ಹಗಲಿರುಳೂ ಓಡುವ ಅಲ್ಲಿಯ ನೆಲದಡಿಯ ರೈಲುಗಳನ್ನು ಬಿರುಗಾಳಿಯ ಭಯದಿಂದ ನಿಲ್ಲಿಸಿದುದು ಅದೇ ಮೊದಲು. ಆಗಸ್ಟ್ 28ರಂದು ಐರೀನ್ ನ್ಯೂ ಜೆರ್ಸಿಯ ಬ್ರಿಗಂಟೀನ್ ಎಂಬಲ್ಲಿ ದಡ ಹತ್ತಿತು. ಆದರೆ ಅಷ್ಟು ಹೊತ್ತಿಗೆ ಅದರ ಉಗ್ರತೆ ಮುನ್ಸೂಚನೆಯಲ್ಲಿ ಹೇಳಿದುದಕ್ಕಿಂತ ಬೇಗನೆ ಇಳಿದುಹೋಗಿತ್ತು. ಒಳನಾಡಿನ ವರ್ಮಾಂಟ್ ಮೊದಲಾದ ಕಡೆ ಅದರ ಮಳೆ ಭಾರಿ ಪ್ರವಾಹವನ್ನು ತಂದು ಪ್ರಾಣಹಾನಿ ಮಾಡಿದುದು ನಿಜ. ಆದರೂ ಸಮುದ್ರದ ಮಗ್ಗುಲಲ್ಲಿದ್ದ ಎಷ್ಟೋ ಮಂದಿ ಮನೆಗೆ ಮರಳಿ, “ಇಷ್ಟಕ್ಕೆ ಅಷ್ಟೊಂದು ಗದ್ದಲವೇ?” ಎಂದುಕೊಂಡರು.

ಮರುವರ್ಷ ಅಕ್ಟೋಬರಿನಲ್ಲಿ ಸ್ಯಾಂಡಿ ಬಂದಿತು. 2012ರ ಅಕ್ಟೋಬರ್ 29ರ ಸಂಜೆ ಅದು ದಡ ಹತ್ತಿದುದೂ ಅದೇ ಬ್ರಿಗಂಟೀನ್ ಬಳಿಯಲ್ಲಿಯೇ. ಈ ಸಲವೂ ಎಚ್ಚರಿಕೆ ಹೊರಟಿತು; ಈ ಸಲವೂ ಜನರನ್ನು ಹೊರಡಲು ಹೇಳಿದರು. ಆದರೆ ಐರೀನ್‌ನ ನೆನಪು ಇನ್ನೂ ಹಸಿಯಾಗಿತ್ತು. ಹಿಂದಿನ ವರ್ಷ ಗಂಟುಮೂಟೆ ಕಟ್ಟಿ ಹೋಗಿ ಬಂದವರಲ್ಲಿ ಹಲವರು ಈ ಬಾರಿ ಬಾಗಿಲು ಹಾಕಿಕೊಂಡು ಒಳಗೇ ಉಳಿದರು. ಆ ರಾತ್ರಿ ನ್ಯೂ ಯಾರ್ಕಿನ ದಕ್ಷಿಣದ ತುದಿಯಲ್ಲಿ ಕಡಲಿನ ನೀರು ಇಳಿತದ ಮಟ್ಟದಿಂದ ಸುಮಾರು 14 ಅಡಿ ಮೇಲೇರಿತು. ರೈಲಿನ ಸುರಂಗಗಳಿಗೆ ಉಪ್ಪುನೀರು ನುಗ್ಗಿತು. ಆ ಒಂದು ನಗರದಲ್ಲಿಯೇ 43 ಮಂದಿ ಸತ್ತರು.

ಈಗ ವಿಜ್ಞಾನಿಗಳ ಮುಂದಿದ್ದ ಪ್ರಶ್ನೆಯನ್ನು ನೋಡಿ. ಐರೀನ್ ಯಾವ ದಾರಿಯಲ್ಲಿ ಬರುವುದೆಂದು ಅವರು ಹೇಳಿದ್ದರೋ ಹೆಚ್ಚುಕಡಿಮೆ ಅದೇ ದಾರಿಯಲ್ಲಿ ಬಂದಿತು. ತಪ್ಪಿದುದು ದಾರಿಯಲ್ಲ, ಬಲ. ಬಿರುಗಾಳಿಯ ಬಲಕ್ಕೆ ಆಧಾರ ಬೆಚ್ಚನೆಯ ಕಡಲು. ಬೆಚ್ಚನೆಯ ನೀರು ಆವಿಯಾಗಿ ಮೇಲೇರುವಾಗ ಹೊತ್ತೊಯ್ಯುವ ಶಾಖವೇ ಅದರ ಆಹಾರ. ನೀರು ತಣ್ಣಗಾದರೆ ಬಿರುಗಾಳಿ ಉಪವಾಸ ಬೀಳುತ್ತದೆ. ಹಾಗಾದರೆ ಐರೀನ್‌ನ ಅಡಿಯಲ್ಲಿ ನೀರು ತಣ್ಣಗಾಯಿತೆ? ಆಗಿದ್ದರೆ ಯಾವಾಗ, ಹೇಗೆ? ಸ್ಯಾಂಡಿಯ ಅಡಿಯಲ್ಲಿ ಏಕೆ ಹಾಗಾಗಲಿಲ್ಲ? ಇದನ್ನು ತಿಳಿಯಬೇಕಾದರೆ ಬಿರುಗಾಳಿ ಬೀಸುತ್ತಿರುವಾಗಲೇ ಕಡಲಿನ ನೀರು ಮೇಲೆ ಎತ್ತ ಹರಿಯಿತು, ಕೆಳಗೆ ಎತ್ತ ಹರಿಯಿತು ಎಂಬುದನ್ನು ಯಾರಾದರೂ ಅಳೆದಿರಬೇಕು. ಮನುಷ್ಯನು ಹಡಗಿನಲ್ಲಿ ಹೋಗಿ ಮಾಡತಕ್ಕ ಕೆಲಸವಲ್ಲ ಅದು.

ಬಿರುಗಾಳಿಯಿಲ್ಲದ ದಿನದಲ್ಲಿಯೂ ಕಡಲಿನ ಹರಿವನ್ನು ಅಳೆಯುವುದು ಸುಲಭವಲ್ಲ. ನದಿಯ ಸೇತುವೆಯ ಮೇಲೆ ನಿಂತವನಿಗೆ ನೀರು ಎತ್ತ ಹೋಗುತ್ತಿದೆಯೆಂದು ಒಂದು ಒಣಗಿದ ಎಲೆ ಹೇಳುತ್ತದೆ. ಕಡಲಿಗೆ ಸೇತುವೆಯೂ ಇಲ್ಲ, ದಂಡೆಯ ಗುರುತೂ ಇಲ್ಲ. ದಡದಿಂದ ನೋಡುವವನ ಕಣ್ಣಿಗೆ ಬೀಳುವುದು ಅಲೆ, ಅಲೆಯಾದರೋ ಮೋಸಗಾರ. ಗಾಳಿ ಬೀಸಿದಾಗ ಬತ್ತದ ಗದ್ದೆಯ ಮೇಲೆ ಅಲೆಯೊಂದು ಓಡುತ್ತದೆ, ಆದರೆ ಪೈರು ನಿಂತಲ್ಲಿಯೇ ನಿಂತಿರುತ್ತದೆ. ಕಡಲಿನ ಅಲೆಯೂ ಬಹುಮಟ್ಟಿಗೆ ಹಾಗೆಯೇ. ಅಲೆ ದಡದ ಕಡೆಗೆ ಬರುತ್ತಿರುವಾಗಲೇ ಅದನ್ನು ಹೊತ್ತ ನೀರು ಇನ್ನೆತ್ತಲೋ ಸರಿಯುತ್ತಿರಬಹುದು.

ಹಿಂದಿನವರು ಈ ಹರಿವನ್ನು ಅನುಭವದಿಂದ ಬಲ್ಲವರಾಗಿದ್ದರು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಬರುವ ಅಂಚೆಯ ಹಡಗುಗಳು ವ್ಯಾಪಾರದ ಹಡಗುಗಳಿಗಿಂತ ವಾರಗಟ್ಟಲೆ ತಡವಾಗುತ್ತಿದ್ದುವು. ಅಂಚೆಯ ಅಧಿಕಾರಿಯಾಗಿದ್ದ ಬೆಂಜಮಿನ್ ಫ್ರಾಂಕ್ಲಿನ್ ಇದರ ಕಾರಣವನ್ನು ತನ್ನ ನಂಟನಾದ ತಿಮೊತಿ ಫೋಲ್ಜರ್ ಎಂಬ ನಾವಿಕನಲ್ಲಿ ವಿಚಾರಿಸಿದನು. ಎದುರಿನಿಂದ ಬರುವ ಗಲ್ಫ್ ಪ್ರವಾಹಕ್ಕೆ ಅಂಚೆಯ ಹಡಗುಗಳು ತಿಳಿಯದೆ ಎದೆಗೊಡುತ್ತಿದ್ದುವು. ತಿಮಿಂಗಿಲದ ಬೇಟೆಗಾರರು ಅದನ್ನು ಬಲ್ಲವರಾದುದರಿಂದ ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಫೋಲ್ಜರನ ನೆರವಿನಿಂದ ಫ್ರಾಂಕ್ಲಿನ್ ಆ ಪ್ರವಾಹದ ನಕ್ಷೆಯನ್ನು ಅಚ್ಚು ಹಾಕಿಸಿದನು.

ಆಮೇಲೆ ಬಂದವರು ಬಾಟಲಿಗಳಲ್ಲಿ ಚೀಟಿ ಇಟ್ಟು ಕಡಲಿಗೆ ಬಿಟ್ಟರು. ಕೆಲವೊಮ್ಮೆ ದೈವವೇ ಇಂಥ ಪ್ರಯೋಗವನ್ನು ಮಾಡಿಸಿದುದುಂಟು. 1992ರ ಜನವರಿಯಲ್ಲಿ ಶಾಂತಸಾಗರದ ನಡುವೆ ಹಡಗೊಂದರಿಂದ ಪೆಟ್ಟಿಗೆ ಜಾರಿ, ಮಕ್ಕಳು ಸ್ನಾನದ ತೊಟ್ಟಿಯಲ್ಲಿ ಆಡುವ 28,000ಕ್ಕೂ ಹೆಚ್ಚು ಬಾತುಕೋಳಿ, ಆಮೆ, ಕಪ್ಪೆಗಳು ನೀರುಪಾಲಾದುವು. ಹತ್ತು ತಿಂಗಳ ಮೇಲೆ ಅವು ಒಂದೊಂದಾಗಿ ಅಲಾಸ್ಕದ ದಡಕ್ಕೆ ಬಂದು ಬಿದ್ದಾಗ ಕಡಲ ವಿಜ್ಞಾನಿಗಳು ಮಕ್ಕಳಿಗಿಂತ ಹೆಚ್ಚಾಗಿ ಸಂತೋಷಪಟ್ಟರು. ಆದರೆ ಬಾಟಲಿಯೇ ಆಗಲಿ ಬಾತುಕೋಳಿಯೇ ಆಗಲಿ, ಹೊರಟ ಊರನ್ನೂ ಸೇರಿದ ಊರನ್ನೂ ಹೇಳೀತೇ ಹೊರತು ನಡುವಿನ ದಾರಿಯನ್ನು ಹೇಳದು. ಇಂದು, ಈ ಗಂಟೆಯಲ್ಲಿ, ಈ ತೀರದ ಎದುರಿನ ನೀರು ಎತ್ತ ಹೋಗುತ್ತಿದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಆ ಉತ್ತರಕ್ಕೆ ಬೀಜ ಬಿದ್ದುದು ನ್ಯೂಜಿಲೆಂಡಿನಲ್ಲಿ. ಕ್ರಾಂಬಿ ಎಂಬ ವಿಜ್ಞಾನಿ ಕಡಲಿನ ಕಡೆಗೆ ರೇಡಿಯೋ ಅಲೆಗಳನ್ನು ಬಿಟ್ಟು ಅವುಗಳ ಮಾರ್ದನಿಯನ್ನು ಪರೀಕ್ಷಿಸುತ್ತಿದ್ದನು. ಕಡಲಿನ ಮೇಲೆ ಸಣ್ಣವು ದೊಡ್ಡವು ಎನ್ನದೆ ಸಾವಿರ ಬಗೆಯ ಅಲೆಗಳಿರುವಾಗ ಮಾರ್ದನಿಯೂ ಕಲಸುಮೇಲೋಗರವಾಗಿ ಬರಬೇಕಷ್ಟೆ? ಹಾಗೆ ಬರಲಿಲ್ಲ. ಅದು ಸ್ಪಷ್ಟವಾಗಿ, ಒಂದೇ ಬಗೆಯಾಗಿ ಬಂದಿತು. ರೇಡಿಯೋ ಅಲೆಯ ಉದ್ದ ಸುಮಾರು 22 ಮೀಟರು. ಅದಕ್ಕೆ ಓಗೊಡುತ್ತಿದ್ದುದು ಸರಿಯಾಗಿ ಅದರ ಅರ್ಧದಷ್ಟು, ಎಂದರೆ 11 ಮೀಟರು ಉದ್ದವಾದ ಕಡಲಿನ ಅಲೆಗಳು ಮಾತ್ರ. ಉಯ್ಯಾಲೆಯನ್ನು ಅದರ ತೂಗಿಗೆ ಹೊಂದಿಸಿ ತಳ್ಳಿದರೆ ಪ್ರತಿ ನೂಕೂ ಹಿಂದಿನದಕ್ಕೆ ಕೂಡಿಕೊಳ್ಳುವಂತೆ, ಆ ಅಲೆಗಳಿಂದ ಮರಳಿದ ಮಾರ್ದನಿಗಳು ಒಂದಕ್ಕೊಂದು ಕೂಡಿಕೊಂಡು ಬಲಗೊಳ್ಳುತ್ತವೆ; ಉಳಿದುವು ತಮ್ಮತಮ್ಮಲ್ಲೇ ಅಳಿಸಿಹೋಗುತ್ತವೆ. ಇದನ್ನು ಕ್ರಾಂಬಿ 1955ರಲ್ಲಿ ಪ್ರಕಟಿಸಿದನು. ಮುಂದೆ 1970ರ ದಶಕದಲ್ಲಿ ಅಮೆರಿಕದ ಡೊನಾಲ್ಡ್ ಬ್ಯಾರಿಕ್ ಮತ್ತು ಸಂಗಡಿಗರು ಇದನ್ನೇ ಕಡಲಿನ ಹರಿವನ್ನು ಅಳೆಯುವ ರೇಡಾರ್ ಆಗಿ ಬೆಳೆಸಿದರು.

ಅಲೆಯ ಮಾರ್ದನಿಯಿಂದ ನೀರಿನ ಹರಿವು ತಿಳಿಯುವುದು ಹೇಗೆ ಎಂದು ಓದುಗರು ಕೇಳಬಹುದು. ರೈಲುಬಂಡಿಯಲ್ಲಿ ಟಿಕೆಟ್ ಪರೀಕ್ಷಕರು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಹೋಗುತ್ತಿರುವರೆಂದು ಭಾವಿಸಿ. ಅವರು ನಡೆಯುವ ವೇಗ ನಮಗೆ ಗೊತ್ತು. ಪ್ಲಾಟ್‌ಫಾರಂ ಮೇಲೆ ನಿಂತು ಅವರ ವೇಗವನ್ನು ಅಳೆದಾಗ ಅದು ಹೆಚ್ಚಾಗಿ ಕಂಡರೆ, ಆ ಹೆಚ್ಚಿನ ಪಾಲು ಅವರದಲ್ಲ, ರೈಲಿನದು. ಕಡಲಿನಲ್ಲಿಯೂ ಹೀಗೆಯೇ. ಆಳವಾದ ನೀರಿನಲ್ಲಿ 11 ಮೀಟರು ಉದ್ದದ ಅಲೆ ನಿಂತ ನೀರಿನ ಮೇಲೆ ಸೆಕೆಂಡಿಗೆ ಸುಮಾರು 4 ಮೀಟರು ಓಡುತ್ತದೆ; ಅದು ಪ್ರಕೃತಿಯ ನಿಯಮ. ನಿಲ್ದಾಣಕ್ಕೆ ಬರುವ ರೈಲಿನ ಸಿಳ್ಳು ಎತ್ತರದ ಶ್ರುತಿಯಲ್ಲಿಯೂ ದೂರ ಹೋಗುವಾಗ ತಗ್ಗಿದ ಶ್ರುತಿಯಲ್ಲಿಯೂ ಕೇಳುವಂತೆ, ಮರಳಿ ಬಂದ ರೇಡಿಯೋ ಅಲೆಯ ಶ್ರುತಿ ಆ ಕಡಲಿನ ಅಲೆಯ ನಿಜವಾದ ವೇಗವನ್ನು ಹೇಳುತ್ತದೆ. ಇದರಲ್ಲಿ ನಿಯಮದ ವೇಗವನ್ನು ಕಳೆದರೆ ಉಳಿಯುವುದು ಅಲೆಯನ್ನು ಹೊತ್ತ ನೀರಿನ ವೇಗ. ಕಣ್ಣನ್ನು ವಂಚಿಸಿದ ಅಲೆಯ ಬಾಯಿಂದಲೇ ವಿಜ್ಞಾನಿ ಹರಿವಿನ ಗುಟ್ಟನ್ನು ಹೊರಡಿಸಿದನು.

ಒಂದು ಕಂಬಕ್ಕೆ ತಿಳಿಯುವುದು ನೀರು ತನ್ನ ಕಡೆಗೆ ಬರುತ್ತಿದೆಯೋ ತನ್ನಿಂದ ದೂರ ಹೋಗುತ್ತಿದೆಯೋ ಎಂಬುದಷ್ಟೆ. ಅಡ್ಡ ಹರಿಯುವುದು ಅದಕ್ಕೆ ಕಾಣದು. ಆದುದರಿಂದ ದಡದ ಮೇಲೆ ದೂರದೂರದಲ್ಲಿ ಕನಿಷ್ಠ ಎರಡು ಕೇಂದ್ರಗಳು ಬೇಕು. ಇಬ್ಬರ ಹೇಳಿಕೆಯನ್ನು ಕೂಡಿಸಿದಾಗ ಹರಿವಿನ ದಿಕ್ಕು, ವೇಗ ಎರಡೂ ತಿಳಿಯುತ್ತವೆ. ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ವಾಹಕವಾದುದರಿಂದ ಈ ರೇಡಿಯೋ ಅಲೆಗಳು ಕಡಲಿನ ಮೈಯನ್ನು ಅನುಸರಿಸಿ ಕಣ್ಣಿನ ಎಲ್ಲೆಯನ್ನು ದಾಟಿ ಹೋಗುತ್ತವೆ. ಉದ್ದನೆಯ ಅಲೆಗಳನ್ನು ಬಳಸುವ ಕೇಂದ್ರಗಳು ಸುಮಾರು 200 ಕಿಲೋಮೀಟರು ದೂರದ ನೀರಿನ ಸುದ್ದಿಯನ್ನು ಗಂಟೆಗಂಟೆಗೆ ತರಬಲ್ಲುವು. ಅಮೆರಿಕದ ಪೂರ್ವ ತೀರದಲ್ಲಿ ಕೇಪ್ ಕಾಡ್‌ನಿಂದ ಕೇಪ್ ಹ್ಯಾಟರಾಸ್‌ವರೆಗೆ ಇಂಥ ಕೇಂದ್ರಗಳ ಸರಪಣಿಯೇ ಇದೆ. ನೀರಿಗೆ ಬಿದ್ದವರನ್ನು ಹುಡುಕುವ ಅಲ್ಲಿಯ ಕರಾವಳಿ ರಕ್ಷಕರು ಹುಡುಕುವ ಜಾಗವನ್ನು ಗೊತ್ತುಮಾಡಲು ಇದೇ ನಕ್ಷೆಗಳನ್ನು ಬಳಸುತ್ತಾರೆ. ಬಿದ್ದ ಜಾಗದಲ್ಲಿಯೇ ಹುಡುಕುವುದು ವ್ಯರ್ಥ. ನೀರು ಒಯ್ದ ಜಾಗದಲ್ಲಿ ಹುಡುಕಬೇಕು.

ಆದರೆ ರೇಡಾರಿಗೆ ಒಂದು ದೊಡ್ಡ ಮಿತಿಯುಂಟು. ಅದು ಕಡಲಿನ ಚರ್ಮವನ್ನು ಮಾತ್ರ ಮುಟ್ಟಬಲ್ಲದು. ಮೇಲಿನ ಒಂದೆರಡು ಮೀಟರು ನೀರಿನ ಮಾತು ಅದಕ್ಕೆ ಕೇಳುತ್ತದೆ. ಅದರ ಕೆಳಗೆ ಏನು ನಡೆಯುತ್ತಿದೆಯೆಂಬುದು ಅದಕ್ಕೆ ಗೊತ್ತಿಲ್ಲ. ಒಳಗಿನ ಸುದ್ದಿಗೆ ಒಳಗೆ ಹೋಗುವವನೇ ಬೇಕು.

ಒಳಗೆ ಹೋಗುವವನ ಹುಟ್ಟು ಒಂದು ಕಥೆಯಿಂದ ಎಂದರೆ ಧಾರಾವಾಹಿಗಳನ್ನು ಓದುವ ನಮ್ಮ ಓದುಗರಿಗೆ ಸಂತೋಷವಾದೀತು. ಹೆನ್ರಿ ಸ್ಟಾಮೆಲ್ ಕಡಲಿನ ಪ್ರವಾಹಗಳ ಶಾಸ್ತ್ರದಲ್ಲಿ ಅಗ್ರಗಣ್ಯನಾದ ವಿದ್ವಾಂಸ. ಅವನು 1989ರಲ್ಲಿ ಒಂದು ವಿಜ್ಞಾನ ಪತ್ರಿಕೆಗೆ ಕಲ್ಪನೆಯ ಕಥೆಯೊಂದನ್ನು ಬರೆದನು. ಕಥೆ ನಡೆಯುವ ಕಾಲ 2021. ಆ ವೇಳೆಗೆ ಪ್ರಪಂಚದ ಕಡಲುಗಳಲ್ಲೆಲ್ಲ ಪುಟ್ಟ ಯಂತ್ರಗಳು ತಾವಾಗಿಯೇ ಮುಳುಗುತ್ತ ಏಳುತ್ತ ತಿರುಗಾಡಿ ಸುದ್ದಿ ಕಳುಹಿಸುತ್ತಿರುತ್ತವೆ. ಅವುಗಳಿಗೆ ಅವನಿಟ್ಟ ಹೆಸರು ಸ್ಲೋಕಮ್. 1895ರಿಂದ 1898ರವರೆಗೆ ಒಬ್ಬನೇ ಹಾಯಿದೋಣಿಯಲ್ಲಿ ಭೂಮಿಯನ್ನು ಮೊದಲ ಬಾರಿಗೆ ಸುತ್ತಿ ಬಂದ ಜೋಷುವಾ ಸ್ಲೋಕಮ್ ಎಂಬ ನಾವಿಕನ ಹೆಸರು. ಕಥೆ ಬರಿಯ ಕನಸಲ್ಲ. ಅವನ ಗೆಳೆಯ ಡೌಗ್ಲಸ್ ವೆಬ್ ಎಂಬ ಎಂಜಿನಿಯರ್ ಅಂಥ ಯಂತ್ರವನ್ನು ಕಟ್ಟುವುದರಲ್ಲಿ ತೊಡಗಿದ್ದನು. ಸ್ಟಾಮೆಲ್ 1992ರಲ್ಲಿ ತೀರಿಕೊಂಡನು. ಅವನ ಕಥೆಯ 2021 ನಿಜವಾಗಿ ಬರುವ ವೇಳೆಗೆ ಸ್ಲೋಕಮ್ ಗ್ಲೈಡರುಗಳು ಅನೇಕ ದೇಶಗಳ ಕಡಲುಗಳಲ್ಲಿ ದುಡಿಯುತ್ತಿದ್ದುವು.

ಯಂತ್ರಮಾನವನೆಂದೊಡನೆ ಕೈಕಾಲು ತಲೆಗಳುಳ್ಳ ಉಕ್ಕಿನ ದೈತ್ಯನನ್ನು ಯಾರೂ ನೆನೆಯಬೇಕಾಗಿಲ್ಲ. ಗ್ಲೈಡರ್ ಒಂದು ಹಳದಿ ಬಣ್ಣದ ಉದ್ದನೆಯ ಕೊಳವೆ. ಉದ್ದ ಸುಮಾರು ಒಂದೂವರೆ ಮೀಟರು, ತೂಕ ಐವತ್ತು ಅರವತ್ತು ಕಿಲೋ. ಎರಡು ಪಕ್ಕಗಳಲ್ಲಿ ಸಣ್ಣ ರೆಕ್ಕೆಗಳು, ಹಿಂದೆ ಮೀನಿನಂಥ ಬಾಲ. ನೀರನ್ನು ತಳ್ಳುವ ಚಕ್ರ ಅದಕ್ಕೆ ಬೇಕಿಲ್ಲ. ಮೂಗಿನೊಳಗಿನ ಪಂಪು ಅರ್ಧ ಲೀಟರಿನಷ್ಟು ನೀರನ್ನು ಒಳಗೆಳೆದುಕೊಂಡರೆ ಯಂತ್ರ ಕೊಂಚ ಭಾರವಾಗಿ ಮುಳುಗತೊಡಗುತ್ತದೆ. ಆ ನೀರನ್ನು ಹೊರಗೆ ನೂಕಿದರೆ ಹಗುರವಾಗಿ ಏಳತೊಡಗುತ್ತದೆ. ಮುಳುಗುವಾಗಲೂ ಏಳುವಾಗಲೂ ರೆಕ್ಕೆಗಳು ಅದನ್ನು ಮುಂದಕ್ಕೆ ಜಾರಿಸುತ್ತವೆ. ಹದ್ದು ರೆಕ್ಕೆ ಬಡಿಯದೆ ಜಾರುವಂತೆ. ಹೀಗೆ ಗರಗಸದ ಹಲ್ಲಿನ ಆಕಾರದಲ್ಲಿ ಇಳಿಯುತ್ತ ಏರುತ್ತ, ದಾರಿಯುದ್ದಕ್ಕೂ ನೀರಿನ ಶಾಖವನ್ನೂ ಉಪ್ಪನ್ನೂ ಬರೆದುಕೊಳ್ಳುತ್ತ, ಗಂಟೆಗೆ ಒಂದು ಕಿಲೋಮೀಟರಿಗಿಂತ ಕೊಂಚ ಹೆಚ್ಚಿನ ವೇಗದಲ್ಲಿ ಅದು ಸಾಗುತ್ತದೆ. ಸಂಜೆಯ ವಾಯುಸೇವನೆಗೆ ಹೊರಟ ವೃದ್ಧರು ಅದನ್ನು ಹಿಂದೆ ಹಾಕಬಹುದು. ಆದರೆ ಅದಕ್ಕೆ ಊಟವಿಲ್ಲ, ನಿದ್ದೆಯಿಲ್ಲ, ಬಿರುಗಾಳಿಯ ಭಯವಿಲ್ಲ. 2009ರಲ್ಲಿ ನ್ಯೂ ಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾನಿಲಯದವರು ಬಿಟ್ಟ ಇಂಥದೊಂದು ಗ್ಲೈಡರ್ 221 ದಿನಗಳಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಸ್ಪೇನಿನ ತೀರವನ್ನು ಸೇರಿತು.

ಈ ಯಂತ್ರ ಹರಿವನ್ನು ಅಳೆಯುವ ರೀತಿ ಸ್ವಾರಸ್ಯವಾದುದು. ನೀರಿನ ಕೆಳಗೆ ರೇಡಿಯೋ ಇಲ್ಲ, ಉಪಗ್ರಹವಿಲ್ಲ. ತಾನೆಲ್ಲಿದ್ದೇನೆಂದು ಅದಕ್ಕೆ ತಿಳಿಯದು. ತನ್ನ ದಿಕ್ಕೇನು, ಜಾರುವ ವೇಗವೇನು ಎಂಬುದನ್ನು ನೆಚ್ಚಿಕೊಂಡು, “ಇಷ್ಟು ಹೊತ್ತಿಗೆ ಇಂಥಲ್ಲಿ ಏಳುತ್ತೇನೆ” ಎಂದು ಲೆಕ್ಕ ಹಾಕುತ್ತದೆ. ಕೆಲವು ಗಂಟೆಗಳ ಮೇಲೆ ಎದ್ದು, ಬಾಲವನ್ನು ನೀರಿನಿಂದ ಹೊರಗೆತ್ತಿ ಉಪಗ್ರಹವನ್ನು ವಿಚಾರಿಸಿದಾಗ ತಾನೆಣಿಸಿದ ಜಾಗದಲ್ಲಿ ತಾನಿರುವುದಿಲ್ಲ. ಆ ಅಂತರಕ್ಕೆ ಕಾರಣ ಯಾರು? ಅದನ್ನು ಹೊತ್ತು ನಡೆದ ನೀರು. ಎಷ್ಟು ದೂರ ತಪ್ಪಿತು, ಎಷ್ಟು ಹೊತ್ತಿನಲ್ಲಿ ತಪ್ಪಿತು ಎಂದು ಭಾಗಿಸಿದರೆ, ಅದು ಹಾದುಬಂದ ಆಳಗಳ ಒಟ್ಟು ಸರಾಸರಿ ಹರಿವು ಕೈಗೆ ಸಿಗುತ್ತದೆ. ದಾರಿ ತಪ್ಪಿದುದೇ ಇಲ್ಲಿ ಅಳತೆಗೋಲು.

ಸರಿ, ಈಗ ಬ್ರಿಗಂಟೀನ್ ತೀರಕ್ಕೆ ಮರಳೋಣ. ನ್ಯೂ ಜೆರ್ಸಿಯ ಎದುರಿನ ಕಡಲು ನೂರು ಕಿಲೋಮೀಟರಿಗೂ ಮೀರಿ ಆಳವಿಲ್ಲದ ಕಡಲು. ಅದರ ಬೇಸಗೆಯ ಸ್ಥಿತಿ ವಿಚಿತ್ರವಾದುದು. ಮೇಲೆ ಬಿಸಿಲಿಗೆ ಕಾದ ತೆಳುವಾದ ಪದರ, 24–25 ಡಿಗ್ರಿ ಸೆಂಟಿಗ್ರೇಡಿನಷ್ಟು ಬೆಚ್ಚಗೆ. ಅದರ ಕೆಳಗೆ, ಹಿಂದಿನ ಚಳಿಗಾಲದಲ್ಲಿ ತಣಿದು ತಳದಲ್ಲಿಯೇ ಉಳಿದ ನೀರು, 10 ಡಿಗ್ರಿಯ ಆಸುಪಾಸು. ಇದನ್ನು ತಣ್ಣೀರಿನ ಮಡು ಎನ್ನಬಹುದು. ಮೇಲಿನಿಂದ ನೋಡುವ ಉಪಗ್ರಹಕ್ಕೆ ಕಾಣುವುದು ಬೆಚ್ಚನೆಯ ಕಡಲು. ಕೆಳಗಿನ ಮಡು ಅದಕ್ಕೆ ಕಾಣದು. 2011ರ ಆಗಸ್ಟಿನಲ್ಲಿ ಐರೀನ್ ಬಂದಾಗ ರಟ್ಗರ್ಸಿನ ಒಂದು ಗ್ಲೈಡರ್ ಆ ಎರಡು ಪದರಗಳ ನಡುವೆ ಏರಿಳಿಯುತ್ತಿತ್ತು. ದಡದಲ್ಲಿ ರೇಡಾರ್ ಕೇಂದ್ರಗಳು ಮೇಲ್ಮೈಯನ್ನು ಕಾಯುತ್ತಿದ್ದುವು.

ಬಿರುಗಾಳಿಯ ಮುಂಭಾಗದ ಗಾಳಿ ಮೇಲಿನ ನೀರನ್ನು ದಡದ ಕಡೆಗೆ ತಳ್ಳಿತು. ರೇಡಾರ್ ಇದನ್ನು ಕಂಡಿತು. ಆದರೆ ಗ್ಲೈಡರಿನ ಲೆಕ್ಕದಲ್ಲಿ ಸಿಕ್ಕ ಒಟ್ಟು ಹರಿವು ಆ ವೇಗಕ್ಕೆ ತಕ್ಕಷ್ಟು ಇರಲಿಲ್ಲ. ಇದರ ಅರ್ಥವೇನು? ಸಂಸಾರದ ಲೆಕ್ಕವನ್ನೇ ತೆಗೆದುಕೊಳ್ಳಿ. ಅಣ್ಣ ತಮ್ಮ ಇಬ್ಬರೂ ಸೇರಿ ತಿಂಗಳ ಕೊನೆಯಲ್ಲಿ ಉಳಿಸಿದುದು ಸೊನ್ನೆ. ಅಣ್ಣ ನೂರು ರೂಪಾಯಿ ಉಳಿಸಿದನೆಂದು ಗೊತ್ತಿದೆ. ಹಾಗಾದರೆ ತಮ್ಮ ನೂರು ರೂಪಾಯಿ ಸಾಲ ಮಾಡಿರಲೇಬೇಕು. ಮೇಲಿನ ನೀರು ದಡಕ್ಕೆ ಬರುತ್ತಿದ್ದು ಒಟ್ಟಿನ ಹರಿವು ಅಲ್ಪವಾಗಿದ್ದರೆ ಕೆಳಗಿನ ನೀರು ದಡದಿಂದ ಹೊರಕ್ಕೆ ಹೋಗುತ್ತಿರಲೇಬೇಕು. ದಡಕ್ಕೆ ಬಂದು ಒಟ್ಟಿದ ನೀರಿಗೆ ಬೇರೆ ದಾರಿಯಾದರೂ ಎಲ್ಲಿ? ರೇಡಾರ್ ಒಂದೇ ಇದ್ದರೂ, ಗ್ಲೈಡರ್ ಒಂದೇ ಇದ್ದರೂ ಈ ಮಾತು ಹೊರಡುತ್ತಿರಲಿಲ್ಲ. ಎರಡನ್ನೂ ಕೂಡಿಸಿ ಕಳೆದುದರಿಂದ ಹೊರಟಿತು.

ಒಂದರ ಮೇಲೊಂದು ಎದುರುಬದುರಾಗಿ ಸರಿಯುವ ಎರಡು ಪದರಗಳು ಉಜ್ಜಿಕೊಂಡು ಕಲಕಿಹೋದುವು. ಮಂಥನದಲ್ಲಿ ಹಗ್ಗವನ್ನು ಒಬ್ಬರು ಇತ್ತ, ಒಬ್ಬರು ಅತ್ತ ಎಳೆದಂತಾಯಿತು. ಈ ಕಡೆತದಲ್ಲಿ ಮೇಲೆದ್ದುದು ಮಡುವಿನ ತಣ್ಣೀರು. ಆ ಕಡಲಿನ ವಿಶಾಲವಾದ ಭಾಗದಲ್ಲಿ ಮೇಲ್ಮೈಯ ಶಾಖ ಕನಿಷ್ಠ 6 ಡಿಗ್ರಿ, ಕೆಲವೆಡೆ 11 ಡಿಗ್ರಿಯವರೆಗೆ ಇಳಿಯಿತು. ಅದಕ್ಕಿಂತ ಮುಖ್ಯವಾದುದು ಹೊತ್ತು. ಆಳಗಡಲಿನಲ್ಲಿ ಬಿರುಗಾಳಿ ಸಾಮಾನ್ಯವಾಗಿ ತನ್ನ ಹಿಂದೆ ತಣ್ಣೀರಿನ ಜಾಡನ್ನು ಬಿಟ್ಟು ಹೋಗುತ್ತದೆ. ಉಂಡು ಎದ್ದ ಮೇಲೆ ಎಲೆ ತೆಗೆದರೆ ಉಂಡವನಿಗೆ ನಷ್ಟವಿಲ್ಲ. ಇಲ್ಲಿಯಾದರೋ ನೀರು ತಣ್ಣಗಾದುದು ಬಿರುಗಾಳಿಯ ಕಣ್ಣು ಬರುವುದಕ್ಕೆ ಮುಂಚೆಯೇ. ಪಂಕ್ತಿಗೆ ಕೂರುವ ಮೊದಲೇ ಎಲೆಯನ್ನು ಎತ್ತಿದಂತಾಗಿ ಐರೀನ್ ಹಸಿದು ಸೊರಗಿತು. ಈ ತಣಿವನ್ನು ಸೇರಿಸಿ ಮತ್ತೆ ಗಣಿಸಿದಾಗ ಬಿರುಗಾಳಿ ಸೊರಗಿದ ಬಗೆ ಲೆಕ್ಕಕ್ಕೆ ಸರಿಹೊಂದಿತು. ಹಳೆಯ ತೇಲುಬುಂಡೆಗಳ ದಾಖಲೆಯನ್ನು ತೆಗೆದು ನೋಡಿದಾಗ, 1985ರಿಂದ 2015ರವರೆಗೆ ಬೇಸಗೆಯ ಪದರಗಳಿದ್ದ ಕಾಲದಲ್ಲಿ ಆ ಕಡಲನ್ನು ಹಾದ 11 ಬಿರುಗಾಳಿಗಳ ಅಡಿಯಲ್ಲಿಯೂ ಹೀಗೆ ಮುಂಚಿತವಾಗಿ ನೀರು ತಣಿದಿತ್ತು. ಅಷ್ಟು ಕಾಲವೂ ಸಾಕ್ಷಿ ಅಲ್ಲಿಯೇ ಇತ್ತು. ಅದನ್ನು ಕೇಳುವ ಪ್ರಶ್ನೆ ಇರಲಿಲ್ಲ.

ಹಾಗಾದರೆ ಸ್ಯಾಂಡಿ? ಅದು ಬೇಸಗೆ ಕಳೆದು ಅಕ್ಟೋಬರಿನ ಕೊನೆಯಲ್ಲಿ ಬಂದಿತು; ಆದರೂ ತಳದಲ್ಲಿ ತಣ್ಣೀರಿನ ಮಡು ಇನ್ನೂ ಇತ್ತು. ಐರೀನ್ ತೀರವನ್ನು ಅನುಸರಿಸಿ ಓಡಿದ್ದರೆ ಸ್ಯಾಂಡಿ ಬಹು ವಿಸ್ತಾರವಾದ ಮೈಯನ್ನು ಹೊತ್ತು, ನಿಧಾನವಾಗಿ, ಕಡಲಿನ ಕಡೆಯಿಂದ ದಡಕ್ಕೆ ನೇರವಾಗಿ ನುಗ್ಗಿತು. ಅದರ ಕಣ್ಣು ದಡ ಸೇರುವ ಮುನ್ನ ಸುಮಾರು 48 ಗಂಟೆಗಳ ಕಾಲ ಗಾಳಿ ತೀರದ ಉದ್ದಕ್ಕೆ ಬೀಸಿತು. ಇಲ್ಲಿಯೂ ಮೇಲಿನ ನೀರು ದಡಕ್ಕೆ ಬಂದು ಕೆಳಗಿನ ನೀರು ಹೊರಕ್ಕೆ ಸರಿಯಿತು. ಆದರೆ ಸರಿಯಲು ಅದಕ್ಕೆ ಬೇಕಾದಷ್ಟು ಹೊತ್ತು ಸಿಕ್ಕಿತು. ತಣ್ಣೀರಿನ ಮಡು ಸುಮಾರು 70 ಕಿಲೋಮೀಟರು ಹೊರಕ್ಕೆ ಕೊಚ್ಚಿಹೋಯಿತು. ಬಿರುಗಾಳಿಯ ಕಣ್ಣು ಹತ್ತಿರವಾಗುವ ಹೊತ್ತಿಗೆ ಆಳವಿಲ್ಲದ ಆ ಕಡಲಿನ ಬಹುಭಾಗದಲ್ಲಿ ತಣ್ಣೀರೇ ಉಳಿದಿರಲಿಲ್ಲ. ಕಡೆಗೋಲು ಆಡಿತು, ಗಡಿಗೆಯ ತಳ ಬರಿದಾಗಿತ್ತು. ಸ್ಯಾಂಡಿಯ ಬಲಕ್ಕೆ ಇದೊಂದೇ ಕಾರಣವಲ್ಲ. ಆಕಾಶದಲ್ಲಿಯೂ ಅದಕ್ಕೆ ಬೇರೆ ನೆರವು ದೊರಕಿತು, ನೀರು ಏರಿದುದಕ್ಕೆ ಹುಣ್ಣಿಮೆಯ ಭರತವೂ ಕೂಡಿತು. ಆದರೆ ಐರೀನ್‌ನನ್ನು ಹಿಡಿದು ನಿಲ್ಲಿಸಿದ ಕಡಲಿನ ಕೈ ಸ್ಯಾಂಡಿಯನ್ನು ಹಿಡಿಯಲಿಲ್ಲ ಎಂಬುದಕ್ಕೆ ಕಾರಣ ಕಣ್ಣಿಗೆ ಕಾಣದ ಆ ತಳದ ಹರಿವು.

ಇದರಿಂದ ಒಂದು ಪಾಠ ಕಲಿತ ಮೇಲೆ, ಬಿರುಗಾಳಿಯ ಋತುವಿನಲ್ಲಿ ಆ ತೀರದುದ್ದಕ್ಕೂ ಗ್ಲೈಡರುಗಳನ್ನು ಮುಂಚಿತವಾಗಿಯೇ ಇಳಿಸಿ, ಅವುಗಳ ಸುದ್ದಿಯನ್ನು ಮುನ್ಸೂಚನೆಯ ಲೆಕ್ಕಕ್ಕೆ ಸೇರಿಸುವ ಪದ್ಧತಿ ಬೆಳೆದು ಬಂದಿದೆ.

ಈ ವಿದ್ಯೆ ನಮಗೆ ದೂರದ್ದೇನಲ್ಲ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಗುಜರಾತ್, ತಮಿಳುನಾಡು, ಆಂಧ್ರ, ಒಡಿಶಾ ಮತ್ತು ಅಂಡಮಾನ್ ತೀರಗಳಲ್ಲಿ ಇಂಥ ರೇಡಾರುಗಳನ್ನು ಜೋಡಿಜೋಡಿಯಾಗಿ ನಿಲ್ಲಿಸಿದರು. ಕಡಲಿಲ್ಲದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು 2016ರ ಮುಂಗಾರಿನಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯ ವಿಶ್ವವಿದ್ಯಾನಿಲಯದವರೊಡನೆ ಕೂಡಿ, ಸಿಂಧು ಸಾಧನ ಎಂಬ ಹಡಗಿನಿಂದ ಬಂಗಾಳ ಕೊಲ್ಲಿಯಲ್ಲಿ ಗ್ಲೈಡರುಗಳನ್ನು ಇಳಿಸಿದರು. ಮುಂಗಾರಿನ ದಿನಗಳಲ್ಲಿ ನಮ್ಮ ಅರಬ್ಬೀ ಕಡಲಿನ ಉಪ್ಪಾದ ನೀರನ್ನು ಶ್ರೀಲಂಕೆಯ ದಕ್ಷಿಣದಿಂದ ಬಳಸಿ ಬಂಗಾಳ ಕೊಲ್ಲಿಗೆ ಒಯ್ಯುವ ಹರಿವನ್ನು ಅವರು ಅಳೆದರು. ಆ ಕೊಲ್ಲಿಯ ಶಾಖಕ್ಕೂ ನಮ್ಮ ಮಳೆಗೂ ಇರುವ ನಂಟು ಚಿಕ್ಕದಲ್ಲ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ತೀರದ ಎದುರಿನ ಹರಿವಾದರೂ ಒಂದೇ ಬಗೆಯದಲ್ಲ. ಮುಂಗಾರಿನಲ್ಲಿ ಅದು ದಕ್ಷಿಣಕ್ಕೆ, ಚಳಿಗಾಲದಲ್ಲಿ ಉತ್ತರಕ್ಕೆ ಸಾಗುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಗುಜರಾತಿಗೆ ಹೋಗುವ ದಾರಿಯಲ್ಲಿ ಈ ತೀರದ ಮಗ್ಗುಲಿನಲ್ಲಿಯೇ ಹಾದುಹೋದುದನ್ನು ಕರಾವಳಿಯ ಮನೆಗಳು ಮರೆತಿರಲಾರವು.

ಗ್ಲೈಡರೂ ರೇಡಾರೂ ಬಿರುಗಾಳಿಯನ್ನು ನಿಲ್ಲಿಸಲಾರವು. ಅವು ಮಾಡಬಲ್ಲುದು ಇಷ್ಟೇ: ಎಚ್ಚರಿಕೆಯ ಮಾತನ್ನು ಸತ್ಯಕ್ಕೆ ಇನ್ನಷ್ಟು ಹತ್ತಿರ ತರುವುದು. ಈ ಉಪಕಾರ ಸಾಮಾನ್ಯವಾದುದಲ್ಲ. ಸ್ಯಾಂಡಿಯ ರಾತ್ರಿ ಮನೆಯಲ್ಲಿ ಉಳಿದವರು ಮೂರ್ಖರಾಗಿರಲಿಲ್ಲ; ಹಿಂದಿನ ವರ್ಷ ತಾವು ಕಣ್ಣಾರೆ ಕಂಡುದನ್ನು ನಂಬಿದ್ದರು. ಅವರು ಕಾಣದಿದ್ದುದು ಒಂದೇ. ಐರೀನ್ ಬಂದಾಗ ತಮ್ಮನ್ನು ಕಾಪಾಡಿದುದರಲ್ಲಿ ಕಡಲಿನ ತಳದ ತಣ್ಣೀರಿಗೂ ಪಾಲಿತ್ತು, ಆ ತಣ್ಣೀರು ಪ್ರತಿ ವರ್ಷವೂ ಕಾವಲಿಗೆ ನಿಲ್ಲುವುದಿಲ್ಲ ಎಂಬುದನ್ನು ಅವರಿಗೆ ಆಗ ಯಾರೂ ಹೇಳುವಂತಿರಲಿಲ್ಲ. ಇನ್ನು ಮುಂದೆ ಹೇಳಬಹುದು. ಕೊಡೆಯ ವಿನೋದ ಮನೆಗಳಲ್ಲಿ ನಡೆದೇ ನಡೆಯಲಿ. ಕಡಲಿನಿಂದ ಎಚ್ಚರಿಕೆ ಬಂದ ದಿನ ಮಾತ್ರ ಅದನ್ನು ಬದಿಗಿಟ್ಟು ಗಂಟು ಕಟ್ಟುವುದು ಒಳ್ಳೆಯದು.